ಮೂರನೇ ಹಗ್ಗದ ಕಲೆ

ಲಾಂಡ್ರಿಯ ಹಿತ್ತಲಲ್ಲಿ ಆ ಬೆಳಿಗ್ಗೆ ಅಮ್ಮನ ಮುಖ ಇಸ್ತ್ರಿಪೆಟ್ಟಿಗೆಗಿಂತ ಬಿಸಿಯಾಗಿತ್ತು. ಸಂಜೆ ಒಣಹಾಕಿದ ಹೋಟೆಲಿನ ಬಿಳಿ ಬೆಡ್‌ಶೀಟುಗಳ ಮೇಲೆ ಮತ್ತೆ ನೇರಳೆ ಬಣ್ಣದ ಕಲೆ! ಇನ್ನೊಂದು ಸಲ ಹೀಗಾದರೆ ಬಟ್ಟೆ ಬೇರೆ ಕಡೆ ಕೊಡುತ್ತೇನೆಂದು ಹೋಟೆಲಿನ ಮ್ಯಾನೇಜರ್ ಹೇಳಿಹೋಗಿದ್ದ. ಅವನು ಕೈಬಿಟ್ಟರೆ ಲಾಂಡ್ರಿಯಲ್ಲಿ ಒಗೆಯಲು ಉಳಿಯುವುದು ಬೀದಿಯವರ ನಾಲ್ಕಾರು ಬಟ್ಟೆ ಮಾತ್ರ.

"ಎಲ್ಲಾ ಆ ದರಿದ್ರ ಬಾವಲಿಗಳದ್ದೇ ಕೆಲಸ," ಎಂದು ಅಮ್ಮ ಹಿತ್ತಲ ತುದಿಯ ಮರ ತೋರಿಸಿದಳು. ಅದರ ತುಂಬ ದೊಡ್ಡ ದೊಡ್ಡ ಬಾವಲಿಗಳು, ಯಾರೋ ಒಣಹಾಕಿ ಮರೆತುಹೋದ ಕರಿಕೋಟುಗಳ ಹಾಗೆ ನೇತಾಡುತ್ತಿದ್ದವು. "ನಿಮ್ಮ ಮಾವಂಗೆ ಫೋನ್ ಮಾಡಿದೀನಿ. ನಾಳೆ ಗರಗಸ ತರ್ತಾನೆ. ಮರಾನೇ ಇಲ್ಲ ಅಂದ್ಮೇಲೆ ಬಾವಲಿ ಎಲ್ಲಿಂದ ಬರ್ತವೆ?"

ಮಗಳಿಗೆ ಬೀದಿಯಲ್ಲೆಲ್ಲ 'ಡೈಲಾಗು' ಎಂದೇ ಹೆಸರು. ನೀರು ಕೇಳುವುದಕ್ಕೂ ಹಿನ್ನೆಲೆ ಸಂಗೀತ ಬೇಕಾದ ಹುಡುಗಿ.

"ಸಾಕ್ಷಿ ಇಲ್ದೆ ಶಿಕ್ಷೆ ಕೊಡೋ ಹಾಗಿಲ್ಲ, ಯುವರ್ ಆನರ್!" ಎಂದು ಇಸ್ತ್ರಿ ಮೇಜು ಕುಟ್ಟಿದಳು. "ಅಮ್ಮಾ, ನಾಲ್ಕು ಹಗ್ಗದಲ್ಲಿ ಕಲೆ ಬಿದ್ದಿರೋದು ಯಾವುದ್ರ ಮೇಲೆ?"

"ಮೂರನೇದು."

"ಮರಕ್ಕೆ ಹತ್ತಿರ ಇರೋದು ಒಂದನೇದು. ಅದನ್ನ ಬಿಟ್ಟು ದಿನಾ ಮೂರನೇದಕ್ಕೇ ಗುರಿ ಇಡೋಕೆ ಅವೇನು ಶಾರ್ಪ್ ಶೂಟರ್‌ಗಳಾ?"

"ಹೋಗಿ ಅವನ್ನೇ ಕೇಳು. ಮೊದಲು ಮೇಷ್ಟ್ರ ಶರ್ಟ್ ಮಡಚು."

ಮೇಷ್ಟ್ರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಶರ್ಟು ಒಯ್ಯಲು ಬಂದವರು ಗರಗಸದ ಸುದ್ದಿ ಕೇಳಿ ಅಲ್ಲೇ ನಿಂತರು. "ಅಯ್ಯೋ, ಬೇಡಮ್ಮ! ಮೊದಲು ಹೊಳೆ ಪಕ್ಕದ ಮರಗಳಲ್ಲೆಲ್ಲ ಇದ್ವು. ಒಂದೊಂದೇ ಮರ ಹೋಯ್ತು. ಈಗ ಊರಲ್ಲಿ ಇವಕ್ಕೆ ಉಳಿದಿರೋದು ಇದೊಂದೇ. ವರ್ಷಕ್ಕೆ ಒಂದೇ ಮರಿ ಹಾಕೋದು ಇವು. ಈಗ ನೋಡಿ, ಎದೆಗೆ ಮರಿ ಕಚ್ಚಿಸ್ಕೊಂಡಿವೆ. ರಾತ್ರಿ ಎಷ್ಟೋ ದೂರ ಹಾರಿ ಹಣ್ಣು ತಿಂದು ಬೀಜ ಬಿತ್ಕೊಂಡು ಬರ್ತವೆ. ಪುಕ್ಕಟೆ ತೋಟಗಾರರು."

"ತೋಟಗಾರರು ತೋಟದಲ್ಲಿರ್ಲಿ ಮೇಷ್ಟ್ರೇ. ನನ್ನ ಶೀಟಿನ ಮೇಲೆ ಯಾಕೆ ಬಿತ್ತನೆ?" ಎಂದಳು ಅಮ್ಮ. ಮೇಷ್ಟ್ರು ಶರ್ಟು ತೆಗೆದುಕೊಂಡು ಹೊರಟರು.

ಡೈಲಾಗಿನ ತಲೆಯಲ್ಲಿ ಮಾತ್ರ ಹುಳ ಬಿಟ್ಟಂತಾಯಿತು. ಕಲೆ ಯಾವುದೆಂದು ತಿಳಿಯದೆ ಬಟ್ಟೆಯನ್ನು ನೀರಿಗಿಳಿಸಬಾರದು. ಎಣ್ಣೆಗೆ ಒಂದು ಮದ್ದು, ರಕ್ತಕ್ಕೆ ಇನ್ನೊಂದು. ಇದು ಅಮ್ಮ ಅವಳಿಗೆ ಅಕ್ಷರಕ್ಕೂ ಮುಂಚೆ ಕಲಿಸಿದ ಪಾಠ. ಅಂಥ ಅಮ್ಮನೇ ಈ ಕಲೆಯನ್ನು ಮೂಸಿಯೂ ನೋಡದೆ ತೀರ್ಪು ಕೊಟ್ಟಿದ್ದಳು!

ಸಂಜೆ ಅವಳು ಎರಡು ಹರಕು ಶೀಟು ತಂದಳು. ಒಂದನ್ನು ದೊಡ್ಡ ಮರದ ಬುಡದಲ್ಲಿ ಹಾಸಿದಳು, ಇನ್ನೊಂದನ್ನು ಮೂರನೇ ಹಗ್ಗಕ್ಕೆ ಹಾಕಿದಳು. ಹೋಟೆಲಿನವನ್ನೆಲ್ಲ ಒಳಗೆ ಫ್ಯಾನಿನಡಿ ಹರಡಿದಳು.

ಬೆಳಿಗ್ಗೆ ಮಾವ ಹೆಗಲ ಮೇಲೆ ಗರಗಸ ಹೊತ್ತು ಬರುವಷ್ಟರಲ್ಲಿ ಎರಡೂ ಶೀಟು ಹಿತ್ತಲಲ್ಲಿ ಪಕ್ಕಪಕ್ಕ ಮಲಗಿದ್ದವು.

"ಏನೇ ಇದು, ಪೋಸ್ಟ್‌ಮಾರ್ಟಮ್ಮಾ?"

"ಬಾ ಮಾವ, ಕ್ಲೈಮ್ಯಾಕ್ಸ್‌ಗೇ ಎಂಟ್ರಿ ಕೊಟ್ಟೆ. ಅಮ್ಮಾ, ನೀನೇ ಹೇಳು. ಎರಡೂ ಒಂದೇ ಕಲೆನಾ?"

ಅಮ್ಮ ಬಗ್ಗಿದಳು. ಮರದ ಬುಡದ ಶೀಟಿನ ಮೇಲೆ ಕಂದು ಹಿಕ್ಕೆ, ಅದರಲ್ಲಿ ಸಾಸಿವೆಯಂಥ ಬೀಜ. ಹಗ್ಗದ ಶೀಟಿನ ಮೇಲೆ ಉಗುರಿನಷ್ಟು ನಾರಿನ ಉಂಡೆಗಳು, ಸುತ್ತ ನೇರಳೆ ರಸ. ಒಂದನ್ನು ಹಿಸುಕಿ ಮೂಸಿದಳು. ಅವಳೊಳಗಿನ ಮಡಿವಾಳತಿ ಎದ್ದು ಕೂತಳು.

"ಇದು ಹಿಕ್ಕೆ ಅಲ್ಲ ಕಣೇ. ಹಣ್ಣು ಅಗಿದು, ರಸ ಕುಡಿದು, ಸಿಪ್ಪೆ ಉಗುಳಿರೋದು. ಸಣ್ಣ ಬಾಯಿ ಯಾವುದೋ."

ಮೂವರೂ ಒಟ್ಟಿಗೆ ಕತ್ತೆತ್ತಿದರು. ಮೂರನೇ ಹಗ್ಗದ ನೆತ್ತಿಗೆ ಸರಿಯಾಗಿ ಬೀಸಣಿಗೆಯಂಥ ಎಲೆಯ ತಾಳೆಮರವಿತ್ತು. ಅದರ ಒಂದು ಎಲೆ ಮುರಿದ ಕೊಡೆಯಂತೆ ಕೆಳಗೆ ಮಡಚಿಕೊಂಡಿತ್ತು. ಒಳಗೆ ಅಂಗೈಯಗಲದ ಪುಟ್ಟ ಬಾವಲಿಗಳು, ನಾಯಿಮರಿಯ ಮೂತಿ ಹೊತ್ತು, ಇವರನ್ನೇ ಪಿಳಿಪಿಳಿ ನೋಡುತ್ತಿದ್ದವು.

ಡೈಲಾಗು ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದಳು. ತಕ್ಷಣ ಫೋನ್ ಬಂತು. ಸ್ಪೀಕರಿನಲ್ಲಿ ಮೇಷ್ಟ್ರ ದನಿ ಕುಣಿಯುತ್ತಿತ್ತು. "ಇದು ಬೇರೆ ಜಾತಿ! ಹಣ್ಣು ಕಿತ್ಕೊಂಡು ಬಂದು ಇಂಥ ಜಾಗದಲ್ಲಿ ನೇತಾಡ್ಕೊಂಡು ತಿನ್ನುತ್ತೆ. ಆ ಎಲೆ ತಾನಾಗೇ ಮಡಚಿಲ್ಲಮ್ಮ. ಗಂಡು ಅದರ ನರ ಕಚ್ಚಿ ಕಚ್ಚಿ ಡೇರೆ ಮಾಡುತ್ತೆ. ಡೇರೆ ಚೆನ್ನಾಗಿದ್ರೆ ಹೆಣ್ಣುಗಳು ಬರ್ತವೆ."

"ಅಂದ್ರೆ ಹೀರೋ ಮೊದಲು ಮನೆ ಕಟ್ತಾನೆ, ಆಮೇಲೆ ಹೀರೋಯಿನ್ ಎಂಟ್ರಿ," ಎಂದಳು ಡೈಲಾಗು.

"ಸರಿ, ಹಾಗಾದ್ರೆ ತಾಳೆ ಕಡೀಲಾ?" ಮಾವ ಗರಗಸ ಇಳಿಸಿದ.

ಅಮ್ಮ ಮೂರನೇ ಹಗ್ಗ ಕಟ್ಟಿದ ಕಂಬ ನೋಡಿದಳು, ತಾಳೆ ನೋಡಿದಳು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬಣ್ಣದ ಬಟ್ಟೆ ಬಿಸಿಲಿಗೆ ಮಾಸುತ್ತದೆಂದು ಹೋದ ತಿಂಗಳು ಆ ಕಂಬ ಕೀಳಿಸಿ ತಾಳೆಯ ನೆರಳಿಗೆ ನೆಡಿಸಿದವಳು ಅವಳೇ.

"ಅವು ನಮ್ಮ ಹಗ್ಗಕ್ಕೆ ಬಂದಿಲ್ಲ ಕಣೋ. ನಮ್ಮ ಹಗ್ಗಾನೇ ಅವುಗಳ ಊಟದ ತಟ್ಟೆ ಕೆಳಗೆ ಹೋಗಿರೋದು. ಯಾವ ಮರಾನೂ ಬೇಡ. ಗುದ್ದಲಿ ತಗೋ, ಕಂಬ ಹಳೇ ಜಾಗಕ್ಕೆ ನೆಡು."

"ಅಕ್ಕಾ, ಮರ ಕಡಿಯೋಕೆ ಅಂತ ಕರೆದು ಗುಂಡಿ ತೋಡಿಸ್ತೀಯಾ?"

"ತೋಡು. ಅಂಗೈಯಗಲದ್ದು ಎಲೆ ಕಚ್ಚಿ ಸಂಸಾರ ಕಟ್ಕೊಂಡಿದೆ. ಗರಗಸ ಇಟ್ಕೊಂಡು ನೀನೇನು ಕಟ್ಟಿದೀಯ, ಇನ್ನೂ ನನ್ನ ಮನೇಲೇ ಊಟ!"

ಮಾವ ಗುದ್ದಲಿ ಎತ್ತಿಕೊಂಡ. ಆ ಸಂಜೆ ಹೋಟೆಲಿನ ಶೀಟುಗಳು ಬಯಲಿನ ಹಗ್ಗಕ್ಕೇರಿದವು. ಬೆಳಿಗ್ಗೆ ಹಾಲಿನಂತೆಯೇ ಇಳಿದವು. ಅಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಮಡಚಿದಳು. ಮಡಚುತ್ತಲೇ ತಾಳೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳಿದಳು:

"ಲೇ, ಮೇಷ್ಟ್ರನ್ನ ಕೇಳೇ. ಒಂದು ಡೇರೆ ಹಳೇದಾದ್ರೆ ಅದು ಪಕ್ಕದ ಎಲೇಲಿ ಇನ್ನೊಂದು ಕಟ್ಟುತ್ತಂತಾ?"