ಜೋಡಿ ತಪ್ಪಿದ ಕಡ್ಡಿ

ನಾನು ಒಂದು ಸ್ವೆಟರ್ ಕಡ್ಡಿ. ‘ಒಂದು’ ಎಂದು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆ. ನಮ್ಮ ಕುಲದಲ್ಲಿ ಯಾರೂ ಒಂಟಿಯಾಗಿ ಹುಟ್ಟುವುದಿಲ್ಲ. ಅಲ್ಯೂಮಿನಿಯಂ ಸರಳನ್ನು ಕತ್ತರಿಸಿ, ಒಂದು ತುದಿಯನ್ನು ಚೂಪು ಮಾಡಿ, ಇನ್ನೊಂದು ತುದಿಗೆ ಗುಂಡು ತಲೆ ಕೂರಿಸಿ, ಇಬ್ಬಿಬ್ಬರನ್ನು ಒಂದೇ ಚೀಲಕ್ಕೆ ಹಾಕಿ ಅಂಗಡಿಗೆ ಕಳಿಸುತ್ತಾರೆ. ನನ್ನ ಚೀಲದಲ್ಲಿದ್ದವಳನ್ನು ನಾನು ಅಕ್ಕ ಎಂದುಕೊಂಡೆ. ಯಾಕೆಂದರೆ ಎಲ್ಲದರಲ್ಲೂ ಅವಳೇ ಮೊದಲು. ಸ್ವೆಟರಿನ ಮೊದಲ ಸಾಲಿನ ಕುಣಿಕೆಗಳೆಲ್ಲ ಅವಳ ಮೈಮೇಲೇ ಬೀಳುತ್ತಿದ್ದವು, ನಾನು ಬರಿಮೈಯಲ್ಲಿ ಕಾಯಬೇಕಾಗಿತ್ತು. ಹೊಟ್ಟೆಕಿಚ್ಚು ನನಗೆ ಅಂದೇ ಅಂಟಿಕೊಂಡಿತು.

ನಮ್ಮನ್ನು ಕೊಂಡವಳು ಬೆಳಗಾವಿಯ ಇಂದುಮತಿ. ಅವಳ ಗಂಡ ಗುರುಪಾದಪ್ಪನಿಗೆ ಕಾರು ರಿಪೇರಿ ಗ್ಯಾರೇಜು ಇತ್ತು. ಪಕ್ಕದ ಮನೆಯ ಚಂಪಕ್ಕ ಇಂದುಮತಿಗೆ ಜೀವದ ಗೆಳತಿ. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ ಇಬ್ಬರೂ ಕಟ್ಟೆಯ ಮೇಲೆ ಕೂತರೆ ಬಾಯಿಗೂ ಬಿಡುವಿಲ್ಲ, ಕೈಗೂ ಬಿಡುವಿಲ್ಲ. ಇಂದುಮತಿಯ ಮಗಳು ವೀಣಾಗೆ ಹಲ್ಲು ಬರುವ ಕಾಲ ಅದು. ಕೂಸು ಒಂದು ದಿನ ನನ್ನ ತಲೆಯನ್ನು ಬಾಯಿಗಿಟ್ಟು ಕಚ್ಚಿತು, ಗುರುತು ಹಾಗೇ ಉಳಿಯಿತು. ಅಕ್ಕನನ್ನು ಬಿಟ್ಟು ನನ್ನನ್ನೇ ಕಚ್ಚಿತಲ್ಲ ಎಂದು ನಾನು ಬಹಳ ದಿನ ಜಂಬಪಟ್ಟೆ.

ಒಂದು ಬೆಳಿಗ್ಗೆ ಗುರುಪಾದಪ್ಪ ಅವಸರದಲ್ಲಿ ಮನೆಗೆ ಬಂದ. ಉದ್ದನೆಯ, ಮೆತ್ತನೆಯ ಲೋಹದ ಕಡ್ಡಿ ಬೇಕಾಗಿತ್ತು ಅವನಿಗೆ. ಬುಟ್ಟಿಯಲ್ಲಿ ನಾವಿಬ್ಬರೂ ಒರಗಿಕೊಂಡಿದ್ದೆವು. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೇಳದೆ ನನ್ನನ್ನು ಎತ್ತಿ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟ. ಸಂಜೆಗೆ ವಾಪಸ್ ಇಟ್ಟರಾಯಿತು ಎಂದುಕೊಂಡಿರಬೇಕು.

ಗ್ಯಾರೇಜಿನಲ್ಲಿ ನನಗೆ ಸಿಕ್ಕ ಕೆಲಸವನ್ನು ಹೇಳುತ್ತೇನೆ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆ ಇರುತ್ತದೆ. ಅದು ಸುಟ್ಟಿತೆಂದರೆ ಕಾರು ಬಿಳಿ ಹೊಗೆ ಕಾರುತ್ತ ನಿಲ್ಲುತ್ತದೆ. ಹೊಸದನ್ನು ಹಾಕಲು ತಲೆಯನ್ನೇ ಬಿಚ್ಚಬೇಕು. ಮತ್ತೆ ಜೋಡಿಸುವಾಗ ಕೆಳಗಿನ ಪಿಸ್ಟನ್ನೂ ಮೇಲಿನ ವಾಲ್ವೂ ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಹೊಂದಿಸಿ ಬೆಲ್ಟ್ ಹಾಕಬೇಕು. ಅದೇ ಟೈಮಿಂಗ್. ಬೆಲ್ಟಿನ ಹಲ್ಲು ಹೆಚ್ಚುಕಡಿಮೆ ಕೂತರೆ ವಾಲ್ವ್ ಬಗ್ಗಿ ಎಂಜಿನ್ನೇ ಹಾಳು. ಹಾಗಾಗಿ ಮೊದಲ ಪಿಸ್ಟನ್ ತುದಿಗೆ ಬಂದಿದೆಯೇ ಎಂದು ತಿಳಿಯಲು ಸ್ಪಾರ್ಕ್ ಪ್ಲಗ್ಗಿನ ತೂತಿನಲ್ಲಿ ನನ್ನನ್ನು ಇಳಿಬಿಡುತ್ತಾರೆ. ಕಬ್ಬಿಣದ ಸರಳಾದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ, ನಾನಾದರೆ ಇಲ್ಲ. ಗುಂಡು ತಲೆ ಇರುವುದರಿಂದ ಒಳಗೆ ಜಾರಿ ಬೀಳುವ ಭಯವೂ ಇಲ್ಲ. ಪಿಸ್ಟನ್ ಏರಿದರೆ ನಾನೂ ಏರುತ್ತೇನೆ, ಅದು ನಿಂತರೆ ನಾನೂ ನಿಲ್ಲುತ್ತೇನೆ.

ಆ ಸಂಜೆ ಗುರುಪಾದಪ್ಪ ನನ್ನನ್ನು ಒರೆಸಿ ಜೇಬಿಗಿಟ್ಟುಕೊಂಡು ಹೋದ. ಓಣಿಯ ತಿರುವಿನಲ್ಲೇ ನಿಂತ. ಮನೆಯ ಮುಂದಿನಿಂದ ಇಂದುಮತಿಯ ದನಿ ಕೇಳುತ್ತಿತ್ತು.

“ನಿನ್ನೆ ಕಡ್ಡಿ ಕೇಳಿದವರು ನೀವ, ನಾ ಕೊಡೂದಿಲ್ಲ ಅಂದಿದ್ದೆ. ಇವತ್ತ ಕಡ್ಡಿ ಇಲ್ಲ. ಮತ್ತ ಯಾರ್ ಬಂದಾರ ನಮ್ಮ ಮನಿಗೆ, ಹೇಳ್ರಿ ಚಂಪಕ್ಕ!”

ಚಂಪಕ್ಕನ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಗುರುಪಾದಪ್ಪ ಬಂದ ದಾರಿಯಲ್ಲೇ ಹಿಂದಿರುಗಿ ನನ್ನನ್ನು ಗ್ಯಾರೇಜಿನ ಎಣ್ಣೆ ಡಬ್ಬಿಯಲ್ಲಿ ಇಟ್ಟ.

ಮರುದಿನ ಜೊತೆಗಾರ ಮೆಕ್ಯಾನಿಕ್ ಇಮ್ತಿಯಾಜ್ ಹೇಳಿದ, “ಹೇಳಿಬಿಡ್ರಿ ಅಣ್ಣಾ. ಒಂದ್ ಕಡ್ಡಿ ಸಲುವಾಗಿ ಇಬ್ಬರು ಹೆಣ್ಮಕ್ಕಳು ಮಾತು ಬಿಟ್ಟಾರ.”

“ಮೊದಲ ಹೇಳಿದ್ರ ಒಂದ್ ಮಾತಿನಾಗ ಹೋಗ್ತಿತ್ತೋ. ಈಗ ಹೇಳಿದ್ರ ಮನ್ಯಾಗ ನನ್ನ ಹೆಣಾನ ಬೀಳ್ತೈತಿ. ನಾಳೆ ನೋಡೂಣ.”

ಆ ನಾಳೆ ಬರಲೇ ಇಲ್ಲ. ಅವನಿಗೆ ನಾನು ಬಾಯಲ್ಲಿಟ್ಟ ಬಿಸಿತುಪ್ಪವಾದೆ, ಉಗುಳಲೂ ಆಗದು, ನುಂಗಲೂ ಆಗದು. ಚಂಪಕ್ಕನ ಮನೆಯ ಕಿಟಕಿ ತಮ್ಮ ಮನೆಯ ಕಡೆಗೆ ತೆರೆಯುವುದು ನಿಂತುಹೋಗಿದೆ ಎಂದು ಅವನೇ ಆಗಾಗ ಇಮ್ತಿಯಾಜನ ಮುಂದೆ ಪೇಚಾಡುತ್ತಿದ್ದ.

ಅವರ ಜಗಳದಿಂದ ನನಗೆ ಆಗಬೇಕಾದ್ದೇನು? ನನ್ನ ಉರಿ ಬೇರೆಯೇ ಇತ್ತು. ಚಳಿಗಾಲ ಬಂದಾಗ ಗುರುಪಾದಪ್ಪ ಹೊಸ ಸ್ವೆಟರ್ ಹಾಕಿಕೊಂಡು ಬಂದ. ನೀಲಿ ಬಣ್ಣ, ಎದೆಯ ಮೇಲೆ ಜಡೆಯ ಹೆಣಿಗೆ. ನೋಡಿದ ಕೂಡಲೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಜೋಡಿಯಿಲ್ಲದೆ ಹೆಣಿಗೆ ಇಲ್ಲ. ಅಂದಮೇಲೆ ಅಕ್ಕನ ಪಕ್ಕದಲ್ಲಿ ಇನ್ನೊಬ್ಬಳು ಬಂದಿದ್ದಾಳೆ! ನಮ್ಮದು ಅಕ್ಕತಂಗಿಯರ ಸಂಬಂಧವೇ ಇರಬಹುದು, ನನಗೆ ಮಾತ್ರ ಅವಳು ಸವತಿಯೇ. ಮುಂದಿನ ಚಳಿಗೆ ಹಸಿರು ಸ್ವೆಟರ್ ಬಂತು, ಅದರ ಮುಂದಿನದಕ್ಕೆ ಕಂದು. ಪ್ರತಿಯೊಂದನ್ನೂ ನಾನು ಡಬ್ಬಿಯೊಳಗಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಎಲ್ಲಾದರೂ ಒಂದು ಹೆಣಿಗೆ ತಪ್ಪಿರಲಿ ಎಂದು ಬಯಸಿದೆ. ಒಂದೂ ತಪ್ಪಿರಲಿಲ್ಲ. ಆ ಸವತಿಗೆ ಕೆಲಸ ಗೊತ್ತಿತ್ತು, ಅದೇ ನನಗೆ ಸಹಿಸಲಾಗದ ಸಂಗತಿ.

ಗ್ಯಾರೇಜಿನಲ್ಲೂ ನೆಮ್ಮದಿ ಇರಲಿಲ್ಲ. ಪಿಸ್ಟನ್ನನ್ನು ಏರಿಸಿ ಇಳಿಸುವ ಕ್ರ್ಯಾಂಕಿನ ಚಕ್ರದ ಅಂಚಿನಲ್ಲಿ ಬಿಳಿ ಬಣ್ಣದ ಒಂದು ಗೀಟು ಇರುತ್ತದೆ. ಆ ಗೀಟು ಎದುರಿನ ಬಾಣಕ್ಕೆ ಸರಿಯಾಗಿ ನಿಂತರೆ ಪಿಸ್ಟನ್ ತುದಿಗೆ ಬಂತೆಂದು ಲೆಕ್ಕ. ಎಲ್ಲರೂ ಮೊದಲು ನಂಬುವುದು ಅದನ್ನೇ. ಒಳಗಿನ ಮಸಿಗೆ ಮೈಯೊಡ್ಡಿ ನಾನು ಸತ್ಯ ತಂದರೂ, “ಗುರುತು ಬಂತು, ಸಾಕು” ಎನ್ನುತ್ತಿದ್ದರು. ಹೊರಗೆ ಮೈಗೆ ಬಣ್ಣ ಬಳಿದುಕೊಂಡು ಕೂತವಳಿಗೆ ಮರ್ಯಾದೆ, ನನಗೆ ಎಣ್ಣೆ ಡಬ್ಬಿ.

ಹೀಗೇ ವರ್ಷಗಳು ಉರುಳಿದವು. ಗುರುಪಾದಪ್ಪನ ಮೀಸೆ ನೆರೆಯಿತು. ನನ್ನ ಮೈಯ ಬೆಳ್ಳಿ ಬಣ್ಣ ಹೋಗಿ ಮಸಿ ಹಿಡಿಯಿತು.

ಒಂದು ದಿನ ಡ್ರೈವರ್ ಲಗಮಣ್ಣನ ಬಾಡಿಗೆ ಕಾರಿಗೆ ಹೊಸ ಗ್ಯಾಸ್ಕೆಟ್ ಹಾಕಿ ತಲೆ ಕೂರಿಸಿದ್ದರು. ಇಮ್ತಿಯಾಜ್ ತಂಗಿಯ ಮದುವೆಗೆ ಹೋಗಿದ್ದ. ಲಗಮಣ್ಣ ಚಹಾ ಕುಡಿದು ಬರುತ್ತೇನೆಂದು ಎದುರಿನ ಅಂಗಡಿಗೆ ನಡೆದಿದ್ದ. ಟೈಮಿಂಗ್ ನೋಡುವುದಕ್ಕೆ ಇಬ್ಬರು ಬೇಕು, ಒಬ್ಬರು ಕೆಳಗೆ ಸ್ಪ್ಯಾನರಿನಿಂದ ಕ್ರ್ಯಾಂಕ್ ತಿರುಗಿಸಬೇಕು, ಇನ್ನೊಬ್ಬರು ಮೇಲೆ ನನ್ನನ್ನು ಹಿಡಿಯಬೇಕು. ಅಷ್ಟರಲ್ಲಿ ಇಂದುಮತಿ ಊಟದ ಡಬ್ಬಿ ತಂದಳು. ಕೆಲಸದ ಗುಂಗಿನಲ್ಲಿದ್ದ ಗುರುಪಾದಪ್ಪ ಹಿಂದೆಮುಂದೆ ನೋಡದೆ ಹೇಳಿಬಿಟ್ಟ.

“ಏ, ಬಾ ಇಲ್ಲಿ. ಆ ತೂತಿನಾಗ ಕಡ್ಡಿ ಐತಿ ನೋಡು, ಎರಡು ಬೆರಳಿಲೆ ಹಗುರ ಹಿಡಿ. ಏರೂದು ನಿಂತ ಕೂಡಲೆ ಹೇಳು.”

ಅವಳು ಹಿಡಿದಳು. ಇಷ್ಟು ವರ್ಷದ ಮೇಲೆ ಅವಳ ಬೆರಳು! ಹೆಬ್ಬೆರಳು ನನ್ನ ತಲೆಯ ಮೇಲೆ ಸರಿಯಿತು. ಹಲ್ಲಿನ ಗುರುತಿನ ಮೇಲೆ ನಿಂತಿತು. ಇನ್ನೊಮ್ಮೆ ಸವರಿ ನೋಡಿತು. ಆಮೇಲೆ ಅವಳು ಬಗ್ಗಿ, ಮಗಳ ಹಲ್ಲಿನ ಆ ಗುರುತನ್ನು ಹತ್ತಿರದಿಂದ ನೋಡಿದಳು.

“ಏರಾಕತ್ತೈತೇನು?” ಕೆಳಗಿನಿಂದ ಗುರುಪಾದಪ್ಪ ಕೇಳಿದ.

ನಾನು ನಿಧಾನವಾಗಿ ಏರುತ್ತಿದ್ದೆ.

“ನಿಂತಿರಬೇಕು ಈಗ. ಗುರುತು ಬಾಣಕ್ಕ ಬಂದೈತಿ. ಬೆಲ್ಟ್ ಹಾಕ್ತೀನಿ.”

ಗುರುತು ಸುಳ್ಳು ಹೇಳುತ್ತಿತ್ತು. ಆ ಚಕ್ರದ ಹೊರಬಳೆ ಒಳಗಿನ ರಬ್ಬರಿನ ಮೇಲೆ ಜಾರಿತ್ತು, ಅದರ ಜೊತೆ ಗೀಟೂ ಜಾರಿತ್ತು. ಪಿಸ್ಟನ್ ಇನ್ನೂ ತುದಿ ಮುಟ್ಟಿರಲಿಲ್ಲ. ಇದು ನನಗೆ ಗೊತ್ತಿತ್ತು, ನನ್ನನ್ನು ಹಿಡಿದವಳ ಬೆರಳಿಗೂ ಗೊತ್ತಿತ್ತು. ಅವಳು ಸುಮ್ಮನಿದ್ದರೆ ಲಗಮಣ್ಣನ ಎಂಜಿನ್ ಮುಗಿಯಿತು, ಗಂಡನ ಹೆಸರೂ ಮುಗಿಯಿತು. ಸುಮ್ಮನಿರುವಷ್ಟು ಸಿಟ್ಟು ಅವಳ ಮುಖದಲ್ಲಿತ್ತು. ಗುರುಪಾದಪ್ಪ ಬೆಲ್ಟಿಗೆ ಕೈ ಹಾಕಿದ.

“ತಡೀರಿ. ಇನ್ನೂ ಏರೂದು ನಿಂತಿರಲಿಲ್ಲ ಅದು.”

“ಗುರುತು ಬಂದೈತಲ್ಲ?”

“ಗುರುತು ಏನರ ಹೇಳ್ಲಿ. ಕಡ್ಡಿ ಸುಳ್ಳು ಹೇಳೂದಿಲ್ಲ. ಹೇಳಾವ್ರು ನೀವು.”

ಗುರುಪಾದಪ್ಪ ಕೆಳಗಿನಿಂದ ತಲೆ ಎತ್ತಿ ಅವಳ ಮುಖ ನೋಡಿದ. ಆಮೇಲೆ ನನ್ನ ತಲೆಯನ್ನು ನೋಡಿದ.

“ಮೊದಲ ತಿರುಗಿಸ್ರಿ. ಆ ಡ್ರೈವರ್ ಏನ್ ತಪ್ಪು ಮಾಡ್ಯಾನ?” ಎಂದಳು ಇಂದುಮತಿ.

ಅವನು ತಿರುಗಿಸಿದ. ನಾನು ಇನ್ನೊಂದಿಷ್ಟು ಏರಿ ನಿಂತೆ. “ನಿಂತ್ತು” ಎಂದಳು. ಬೆಲ್ಟ್ ಹಾಕಿ, ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸಿದರು. ಎಲ್ಲೂ ತಡೆಯಲಿಲ್ಲ. ಮತ್ತೆ ನಾನು ಅದೇ ಎತ್ತರಕ್ಕೆ ಬಂದು ನಿಂತೆ. ಗುರುಪಾದಪ್ಪ ಹಳೆಯ ಗೀಟನ್ನು ಒರೆಸಿ ಹೊಸದನ್ನು ಎಳೆದ. ನಿಜ ಹೇಳುತ್ತೇನೆ, ಆ ಹಳೆಯ ಗೀಟು ಅಳಿಸಿಹೋಗುವುದನ್ನು ನೋಡಿ ನನಗೆ ಹೋಳಿಗೆ ಉಂಡಷ್ಟು ಸಂತೋಷವಾಯಿತು. ಲಗಮಣ್ಣ ಬಂದು ಕಾರು ಚಾಲೂ ಮಾಡಿದಾಗ ಇಂದುಮತಿ ಅಲ್ಲಿರಲಿಲ್ಲ. ಮಸಿ ಒರೆಸದೆಯೇ ನನ್ನನ್ನು ಹಿಡಿದು ಓಣಿಯಲ್ಲಿ ನಡೆಯುತ್ತಿದ್ದಳು.

ಮನೆಗೆ ಹೋಗುತ್ತಿದ್ದೇನೆ, ಅಕ್ಕನ ಪಕ್ಕದಿಂದ ಆ ಸವತಿಯನ್ನು ಎಬ್ಬಿಸುತ್ತೇನೆ ಎಂದು ನಾನು ಬೀಗಿದೆ. ಇಂದುಮತಿ ಮನೆ ದಾಟಿ ಮುಂದೆ ಹೋಗಿ ಚಂಪಕ್ಕನ ಬಾಗಿಲು ಬಡಿದಳು. ಚಂಪಕ್ಕ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಇಂದುಮತಿ ನನ್ನನ್ನು ಮುಂದೆ ಚಾಚಿದಳು.

“ನಮ್ಮನಿಯವ್ರ ಗ್ಯಾರೇಜಿನಾಗಿತ್ತು ಚಂಪಕ್ಕ. ಅವರ ಒಯ್ದಿದ್ರು.”

ಚಂಪಕ್ಕ ನನ್ನನ್ನು ಕೈಗೆ ತೆಗೆದುಕೊಂಡು ನೋಡಿದಳು. ಆಮೇಲೆ ಅಂಗಳಕ್ಕಿಳಿದು, ಡೇರೆ ಹೂವಿನ ಕುಂಡದಿಂದ ಒಂದು ಕಡ್ಡಿಯನ್ನು ಕಿತ್ತು ತಂದಳು. ಗಿಡ ಬೀಳದಂತೆ ಆಸರೆಗೆ ನೆಟ್ಟದ್ದು. ಮಣ್ಣು ಹಿಡಿದಿತ್ತು, ನಡು ಬಾಗಿತ್ತು. ಅದು ನನ್ನ ಅಕ್ಕ!

“ಅವತ್ತ ನನ್ನ ಮುಖದ ಮ್ಯಾಲೆ ಒಗದ್ರಲ್ಲ, ‘ಒಂದ್ ತಗೊಂಡೀರಿ, ಇನ್ನೊಂದೂ ನೀವ ಇಟ್ಕೋರಿ’ ಅಂತ. ಇಟ್ಕೊಂಡೀನಿ, ನೋಡ್ರಿ,” ಎಂದಳು ಚಂಪಕ್ಕ. “ಅಲ್ರಿ, ಕದಿಯಾಕಿ ಒಂದ ಕಡ್ಡಿ ಯಾಕ ಕದೀತಾಳ? ಒಂದರಿಂದ ಏನ್ ಹೆಣಿಯಾಕ ಬರ್ತೈತಿ? ಇಷ್ಟ ವರ್ಷ ಇದೊಂದ ಮಾತು ನಿಮಗ ಹೊಳೀಲಿಲ್ಲೇನು?”

“ಹೊಳೀಲಿಲ್ಲ,” ಎಂದು ಇಂದುಮತಿ ಬಾಗಿಲಲ್ಲೇ ಅಳತೊಡಗಿದಳು.

“ಓಣಿ ಮಂದಿ ನೋಡ್ತಾರ. ಒಳಗ ಬಂದು ಅಳ್ರಿ.”

ಈಗ ನಾವಿಬ್ಬರೂ ಚಂಪಕ್ಕನ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟದಲ್ಲಿ ನಿಂತಿದ್ದೇವೆ. ಅಕ್ಕನ ನಡು ನೆಟ್ಟಗಾಗಲಿಲ್ಲ, ನನ್ನ ಮಸಿ ಹೋಗಲಿಲ್ಲ. ಉಣ್ಣೆಗೆ ನಾವು ಬೇಡ. ಆ ಸ್ವೆಟರುಗಳನ್ನೆಲ್ಲ ಹೆಣೆದದ್ದು ಅಂಗಡಿಯಿಂದ ತಂದ ಬೇರೊಂದು ಜೋಡಿ. ಅಕ್ಕನಿಗೆ ಜೊತೆಯೇ ಇರಲಿಲ್ಲ. ಮಳೆ ಚಳಿ ಎನ್ನದೆ ಮಣ್ಣಿನಲ್ಲಿ ಒಂಟಿಯಾಗಿ ನಿಂತಿದ್ದವಳನ್ನು ನೆನೆದು ನಾನು ಇಷ್ಟು ವರ್ಷ ಉರಿದೆ. ಇಲ್ಲದ ಸವತಿಗೆ ಹಿಡಿಶಾಪ ಹಾಕಿದೆ. ನೆನೆದರೆ ದುಃಖವಾಗುತ್ತದೆ.

ಮಧ್ಯಾಹ್ನ ಗೆಳತಿಯರಿಬ್ಬರೂ ಕಟ್ಟೆಯ ಮೇಲೆ ಕೂತು ಗುರುಪಾದಪ್ಪನನ್ನು ಬಯ್ಯುತ್ತಾರೆ, ನಗುತ್ತಾರೆ. ಅಂಗಳದ ಡೇರೆ ಗಿಡಕ್ಕೆ ಚಂಪಕ್ಕ ಬಿದಿರಿನ ಕೋಲು ನೆಟ್ಟಿದ್ದಾಳೆ. ಗಾಳಿಗೆ ಗಿಡ ಓಲಾಡಿದರೆ ಸಾಕು, ಅಕ್ಕ ನನ್ನ ಮಾತನ್ನು ಅರ್ಧಕ್ಕೆ ಬಿಟ್ಟು ಅತ್ತ ನೋಡುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಸುಳ್ಳಲ್ಲ. ಆ ಡೇರೆ ಗಿಡವನ್ನು ಕಂಡರೆ ನನಗೆ ಆಗುವುದಿಲ್ಲ.