ಮಂಗಳವಾರದ ಜಗಳ

ಬಡಗಿಯೂ ಅವನ ಅಕ್ಕನ ಗಂಡನೂ ಮಾತು ಬಿಟ್ಟು ವರ್ಷವಾಗಿತ್ತು. ಭಾವನ ಮನೆಯ ಪೈಪು ಪಕ್ಕದ ಬಡಗಿಯ ಅಂಗಡಿಯೊಳಕ್ಕೆ ಸೋರಿ ಹಲಗೆಗಳೆಲ್ಲ ಉಬ್ಬಿದ್ದವು. ಇನ್ನು ಈ ಜನ್ಮದಲ್ಲಿ ಒಬ್ಬರಿಗೊಬ್ಬರು ಮಾತಾಡುವುದಿಲ್ಲವೆಂದು ಇಬ್ಬರೂ ನಡುಬೀದಿಯಲ್ಲಿ, ಓಣಿಯೆಲ್ಲ ಕೇಳುವಂತೆ ಆಣೆಯಿಟ್ಟಿದ್ದರು. ಅಷ್ಟು ಜೋರಾಗಿ ಇಟ್ಟ ಆಣೆಯನ್ನು ಮೆಲ್ಲಗೆ ಮುರಿಯುವುದು ಹೇಗೆ?

ಅಕ್ಕ ಹೋಗಿ ನೆರೆಹೊರೆ ಸಂಧಾನ ಕೇಂದ್ರದಲ್ಲಿ ದೂರು ಕೊಟ್ಟು ಬಂದಳು. ಅಲ್ಲಿ ಪ್ರತಿ ಮಂಗಳವಾರ ಒಂದು ಗಂಟೆ ಎದುರುಬದುರು ಕೂತು ಮಾತಾಡಲೇಬೇಕು. ಅದು ನಿಯಮ. ನಿಯಮಕ್ಕೆ ತಲೆಬಾಗಿದರೆ ಆಣೆ ಮುರಿದಂತಲ್ಲ ಎಂದು ಇಬ್ಬರೂ ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿಕೊಂಡರು.

ಪೈಪಿನ ವಿಷಯ ಬೇಗ ಮುಗಿಯುತ್ತಿತ್ತು. ಉಳಿದ ಹೊತ್ತೆಲ್ಲ ಭಾವನ ಮಂಡಿನೋವು, ಬಡಗಿಯ ಮಗಳ ಗಣಿತ. ಮಂಗಳವಾರ ಬಂತೆಂದರೆ ಬಡಗಿ ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದ. “ಜಗಳಕ್ಕೆ ಹೊರಟೋರಿಗೆ ಇಷ್ಟೊಂದು ಸಿಂಗಾರವಾ?” ಎಂದು ಹೆಂಡತಿ ಕೇಳುತ್ತಿದ್ದಳು.

ಈ ಮಂಗಳವಾರ ಮಾತ್ರ ಬಡಗಿ ಅಂಗಿಯ ಗುಂಡಿಗಳನ್ನು ಅದಲುಬದಲಾಗಿ ಹಾಕಿಕೊಂಡು ಹೊರಟಿದ್ದ. ಬೆಳಗ್ಗೆ ಅಂಗಡಿಯ ಗೋಡೆ ಮುಟ್ಟಿದರೆ ಒಣಗಿತ್ತು. ಅಕ್ಕ ಯಾರಿಗೂ ಹೇಳದೆ ಪೈಪು ಬದಲಾಯಿಸಿಬಿಟ್ಟಿದ್ದಳು. ಸೋರುವುದು ನಿಂತರೆ ಜಗಳ ಮುಗಿಯಿತು; ಜಗಳ ಮುಗಿದರೆ ಮಂಗಳವಾರವೂ ಮುಗಿಯಿತು.

“ಇನ್ನೂ ಸೋರ್ತಿದೆಯಾ?” ಕೇಂದ್ರದ ಮೇಡಂ ಕೇಳಿದರು.

“ಧಾರಾಕಾರವಾಗಿ” ಎಂದ ಬಡಗಿ.

“ಸೋರದೆ ಇನ್ನೇನು ಮಾಡುತ್ತೆ?” ಭಾವ ಕೂಡಲೇ ಒಪ್ಪಿಕೊಂಡ. “ಅದು ಪೈಪಲ್ಲ ಮೇಡಂ, ಜರಡಿ.”

“ನಿಮ್ಮ ಮನೆಯವರು ಫೋನ್ ಮಾಡಿದ್ರು. ಹೊಸ ಪೈಪು ಹಾಕ್ಸಿದ್ದಾರಂತೆ.”

ಇಬ್ಬರೂ ನೆಲ ನೋಡಿದರು.

“ತಾಳ್ಮೆ ಅನ್ನೋದೇ ಇಲ್ಲ ಅವಳಿಗೆ” ಎಂದ ಭಾವ.

“ಹುಟ್ಟಿದಾಗಿನಿಂದ್ಲೂ ಹಾಗೇ ಭಾವ.”

“ಮದುವೆಗೆ ಮುಂಚೇನೇ ಹೇಳೋಕೇನಾಗಿತ್ತೋ ನಿಂಗೆ?”

“ಹೇಳಿದ್ರೆ ನೀವು ಕಟ್ಕೊಳ್ತಿದ್ರಾ?”

ಮೇಡಂ ಇಬ್ಬರ ಕೈ ಕುಲುಕಿಸಿದರು. “ಹೊಸ ಜಗಳ ಏನಾದ್ರೂ ಇದ್ರೆ ಮಾತ್ರ ಬನ್ನಿ” ಎಂದು ಹೇಳಿ ಮುಂದಿನವರನ್ನು ಒಳಗೆ ಕರೆದರು.

ಹೊಸಿಲು ದಾಟಿದೊಡನೆ ಆಣೆ ಮತ್ತೆ ಜಾರಿಗೆ ಬಂತು. ರಸ್ತೆಯ ಆ ಬದಿಗೊಬ್ಬ ಈ ಬದಿಗೊಬ್ಬ ನಡೆದು ಮನೆ ಸೇರಿದರು.

ಮರುದಿನ ಬೆಳಗ್ಗೆ ಬಡಗಿ ಏಣಿ ಹತ್ತಿ, ಅಂಗಡಿಯ ಸೂರಿನ ತಗಡನ್ನು ಭಾವನ ಅಂಗಳದ ಕಡೆಗೆ ಬಗ್ಗಿಸತೊಡಗಿದ. ಮಳೆ ಬಂದರೆ ನೀರು ನೇರ ಅಲ್ಲಿಗೇ ಬೀಳಬೇಕು. ಏಣಿ ಗಡಗಡ ಅಲುಗುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಬಡಗಿ ಕೆಳಗೆ ನೋಡಿದ.

ಭಾವ ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡಿದ್ದ. ಮಾತಿಲ್ಲ. ಗದ್ದ ಎತ್ತಿ ಸನ್ನೆ ಮಾಡಿದ: ಇನ್ನೂ ಸ್ವಲ್ಪ.