ಹತ್ತಿ ಎನ್ನಬೇಕಿತ್ತು

ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಯುವ ನಾವು ಹದಿನಾಲ್ಕು ಜನ ದಿನಾ ಬೆಳಿಗ್ಗೆ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲುತ್ತೇವೆ. ಮೇಸ್ತ್ರಿ ಒಬ್ಬೊಬ್ಬರನ್ನೇ ತೋರಿಸಿ, ಇವನ ತಲೆ ಹೇಗಿದೆ ಎಂದು ಕೇಳುತ್ತಾನೆ. ಉತ್ತರ ಹೇಳಬೇಕಾದವನು ಅವನಲ್ಲ, ಅವನ ಜೊತೆ ಒಂದೇ ಹಲಗೆಯ ಮೇಲೆ ನೇತಾಡುವವನು. ತಮ್ಮ ತಲೆ ತಿರುಗುತ್ತಿದೆ ಎಂದು ಯಾರೂ ತಾವಾಗಿ ಒಪ್ಪುವುದಿಲ್ಲ. ಒಪ್ಪಿದರೆ ಆ ದಿನವೆಲ್ಲ ಕೆಳಗೆ ಕೂತು ಕಿಟಕಿ ಉಜ್ಜಬೇಕು.

ಉತ್ತರಕ್ಕೆ ನಮ್ಮಲ್ಲಿ ನಾಲ್ಕೇ ಮಾತು. ಜ್ವರವೋ ಖಾಲಿ ಹೊಟ್ಟೆಯೋ ಆದರೆ ಗಿರಗಿರ. ನಿದ್ದೆಗೆಟ್ಟಿದ್ದರೆ, ಕುಡಿದದ್ದು ಇಳಿಯದಿದ್ದರೆ ಮಂಪರು. ಏನೂ ತೊಂದರೆ ಇಲ್ಲದಿದ್ದರೆ ನೆಲ. ನಾಲ್ಕನೆಯದು ಹತ್ತಿ. ಖುಷಿ ತಲೆಗೇರಿ, ಕಾಲು ನೆಲಕ್ಕೆ ತಾಗದೆ, ಸುಮ್ಮಸುಮ್ಮನೆ ಹಲ್ಲು ಕಿರಿಯುವವನಿಗೆ ಆ ಮಾತು. ಜ್ವರಕ್ಕಿಂತ ಇದೇ ಅಪಾಯ ಎನ್ನುತ್ತಾನೆ ಮೇಸ್ತ್ರಿ. ಹಿಂದೊಮ್ಮೆ ಒಬ್ಬ, ಮಗಳು ಹುಟ್ಟಿದ ಮರುದಿನ, ಆರನೇ ಮಹಡಿಯಲ್ಲಿ ಗೋಡೆ ಮುಗಿಸಿ, ಬಣ್ಣ ಹೇಗೆ ಬಂದಿದೆ ನೋಡೋಣ ಎಂದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟನಂತೆ. ನಮ್ಮ ಕಸುಬಿನವರು ಮಾತ್ರ ಸಾಯುವ ಸಾವು ಅದು.

ಹತ್ತಿ ಎಂದರೆ ಅವನೂ ಆ ದಿನ ಕೆಳಗೇ, ಆದರೆ ಕಾರಣವನ್ನೂ ಜೊತೆಗಾರನೇ ಎಲ್ಲರೆದುರು ಹೇಳಬೇಕು. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮೇಸ್ತ್ರಿ ಚಹಾ ತರಿಸುತ್ತಾನೆ.

ನನ್ನ ಜೊತೆಗಾರ ನನ್ನ ಚಿಕ್ಕಪ್ಪನ ಮಗ. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಪೀಪಿ ಎಂದು ಹೆಸರು. ದಾಯಾದಿ ಮತ್ಸರ ಎನ್ನಲು ಆಸ್ತಿಯಾದರೂ ಇರಬೇಕು. ನಮ್ಮಿಬ್ಬರಿಗೆ ಇದ್ದದ್ದು ಒಂದು ಹಲಗೆ. ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ.

ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವ ಹುಡುಗಿಯನ್ನು ಮೊದಲು ಕಂಡವನು ನಾನು. ಎರಡು ವರ್ಷ, ಯಾವುದೋ ಗೋಡೆಯಿಂದ ಕಿತ್ತ ಬಣ್ಣದ ಚಕ್ಕೆಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ, ಇದಕ್ಕೆ ಹೊಂದುವ ಬಣ್ಣ ಬೇಕಿತ್ತು ಎನ್ನುತ್ತಿದ್ದೆ. ಹಾಗೆ ಕೊಂಡ ಇಪ್ಪತ್ತಾರು ಡಬ್ಬಿಗಳು ನನ್ನ ಮಂಚದ ಕೆಳಗಿವೆ. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ನನ್ನ ಬಾಯಿಂದ ಹೊರಡಲಿಲ್ಲ. ಕಳೆದ ತಿಂಗಳು ಕಾಲು ಉಳುಕಿದಾಗ ನಾನೇ ಪೀಪಿಯನ್ನು ಅಂಗಡಿಗೆ ಕಳಿಸಿದೆ. ನಾಲ್ಕು ಸಲ ಹೋಗಿ ಬಣ್ಣ ತಂದ. ಐದನೇ ಸಲ ಮದುವೆಗೆ ಅವಳ ಅಪ್ಪನ ಒಪ್ಪಿಗೆ ತಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನದು ಕೈಗೂ ಬಂದಿರಲಿಲ್ಲ.

ಒಪ್ಪಿಗೆ ಸಿಕ್ಕ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರುವ ದಾರಿಯಲ್ಲಿ ಸುದ್ದಿ ಹೇಳಿದ. "ಅಣ್ಣಾ, ಅಮ್ಮನಿಗೂ ಹೇಳಿಲ್ಲ. ನಿಂಗೇ ಮೊದಲು" ಎಂದ. ಒಳ್ಳೇದಾಯ್ತು ಬಿಡು ಎಂದೆ.

ಸಾಲಿನಲ್ಲಿ ಮೇಸ್ತ್ರಿ ಮೊದಲು ನನ್ನನ್ನು ತೋರಿಸಿದ. ಪೀಪಿ ನನ್ನ ಕಡೆ ತಿರುಗಿಯೂ ನೋಡದೆ ನೆಲ ಎಂದ. ಆಮೇಲೆ ಅವನ ಸರದಿ. ಅವನು ಎದುರಿನ ನೀರಿನ ಕೊಳವೆಯನ್ನು ನೋಡಿ ನಗುತ್ತಿದ್ದ. ಒಂದು ಬೂಟಿನ ದಾರ ಕಟ್ಟಿರಲಿಲ್ಲ. ಹತ್ತಿ, ಕುರುಡನಿಗೂ ಕಾಣುವಂಥ ಹತ್ತಿ. ಆದರೆ ಹಾಗೆಂದರೆ ಕಾರಣ ಹೇಳಬೇಕು, ಅವಳು ಇವನನ್ನು ಒಪ್ಪಿದಳು ಎಂದು ನನ್ನ ಬಾಯಿಂದಲೇ ಬರಬೇಕು, ಚಪ್ಪಾಳೆ ತಟ್ಟಬೇಕು. ಆಮೇಲೆ ಆ ಚಹಾವನ್ನೂ ಕುಡಿಯಬೇಕು.

ನೆಲ ಎಂದೆ.

ಹಲಗೆ ಹತ್ತುವಾಗ ಅವನ ಬೆಲ್ಟಿನ ಕೊಕ್ಕೆ ಹಗ್ಗಕ್ಕೆ ಸಿಕ್ಕಿಸಿದೆಯೇ ಎಂದು ನೋಡುವುದು ನನ್ನ ಕೆಲಸ. ಅವನ ಮುಖ ನೋಡಲು ಮನಸ್ಸಿಲ್ಲದೆ ಕೊಕ್ಕೆಯನ್ನೂ ನೋಡಲಿಲ್ಲ. ಏಳನೇ ಮಹಡಿಯಲ್ಲಿ ಅವನು ಹಳದಿ ಬಳಿಯುತ್ತ ಮಾತಾಡುತ್ತಲೇ ಇದ್ದ. ಆ ಹಳದಿ ಅವಳೇ ಬೆರೆಸಿದ್ದಂತೆ. ನಾನು ಗೋಡೆಗೆ ಮುಖ ಮಾಡಿ ಬಳಿದದ್ದನ್ನೇ ಬಳಿಯುತ್ತಿದ್ದೆ.

"ತಡಿ ಅಣ್ಣಾ, ಸ್ವಲ್ಪ ದೂರದಿಂದ ಹೇಗೆ ಕಾಣುತ್ತೆ ನೋಡೋಣ."

ತಿರುಗಿದೆ. ಅವನ ಕೊಕ್ಕೆ ಸೊಂಟದ ಪಕ್ಕ ಸುಮ್ಮನೆ ಜೋಲಾಡುತ್ತಿತ್ತು, ಒಂದು ಕಾಲು ಹಲಗೆಯ ಆಚೆ ಹೋಗಿತ್ತು. ಎರಡೂ ಕೈಯಲ್ಲಿ ಅವನ ಬೆಲ್ಟು ಹಿಡಿದು ಎಳೆದೆ. ಹಸಿ ಗೋಡೆಗೆ ಇಬ್ಬರೂ ಬಿದ್ದೆವು. ಡಬ್ಬಿ ಕೆಳಗೆ ಹೋಯಿತು. ಅದು ನೆಲ ಮುಟ್ಟಿದ ಸದ್ದು ಬರಲು ತುಂಬ ಹೊತ್ತು ಹಿಡಿಯಿತು.

ಇಳಿದ ಮೇಲೆ ಎಲ್ಲರೂ ಆ ಹಳದಿಯ ಸುತ್ತ ನಿಂತಿದ್ದರು. ನಾನು ಏನನ್ನೂ ಮುಚ್ಚಿಡಲಿಲ್ಲ. ಹತ್ತಿ ಎನ್ನಬೇಕಿತ್ತು, ಗೊತ್ತಿದ್ದೂ ನೆಲ ಎಂದೆ ಎಂದು ಹೇಳಿದೆ. ಹುಡುಗಿಯ ವಿಷಯ, ಮಂಚದ ಕೆಳಗಿನ ಡಬ್ಬಿಗಳ ವಿಷಯ, ಎಲ್ಲವೂ ಬಂತು. ಎರಡು ವರ್ಷ ಹೊರಡದ ಮಾತು ಅಷ್ಟು ಜನರೆದುರು ಸರಾಗವಾಗಿ ಹೊರಟಿತು.

ಮೇಸ್ತ್ರಿ ಬೈಯಲಿಲ್ಲ. ನಿಯಮದ ಪ್ರಕಾರ ಪೀಪಿಯ ಕಡೆ ತಿರುಗಿ, ಬೆಳಿಗ್ಗೆ ಇವನ ತಲೆ ಹೇಗಿತ್ತು ಎಂದು ಕೇಳಿದ. ನನಗೆ ಆಸೆ ಹುಟ್ಟಿತು. ಹೊಟ್ಟೆಕಿಚ್ಚಿಗೂ ತಲೆ ತಿರುಗುತ್ತದಲ್ಲ. ಗಿರಗಿರ ಎಂದರೂ ಸಾಕಿತ್ತು, ಮಂಪರು ಎಂದರೂ ಸಾಕಿತ್ತು. ಬುದ್ಧಿ ನೆಟ್ಟಗಿರಲಿಲ್ಲ ಎಂದು ನಾನೂ ನಂಬಿಕೊಳ್ಳುತ್ತಿದ್ದೆ.

ಪೀಪಿ ಈ ಸಲ ನನ್ನ ಕಡೆ ತಿರುಗಿ ನೋಡಿದ.

"ನೆಲ" ಎಂದ. "ಬೆಳಿಗ್ಗೆ ನಾನು ಸರಿಯಾಗೇ ಹೇಳಿದ್ದೆ, ಮೇಸ್ತ್ರಿ."

ಯಾರೋ ನನ್ನ ಕೈಗೆ ಕಿಟಕಿ ಉಜ್ಜುವ ಬಟ್ಟೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಪೀಪಿಯ ಹತ್ತಿಯ ಚಹಾ ಬಂತು, ಹದಿನಾಲ್ಕು ಲೋಟ.